ಮೇಣದ ಮೇಲೆ ಕೂತ ಕುಂಕುಮ

ಹುಡುಗಿಯ ಹಣೆಗಿಟ್ಟ ಕುಂಕುಮ ಬೆವರಿಗೆ ಕರಗಿ ಮತ್ತೆ ಮೂಗಿನ ಮೇಲೆ ಇಳಿಯಿತು. ಬೈಲಹೊಂಗಲದ ಶಾಲೆಯೊಂದರ ಹಾಡಿನ ನಾಟಕ. ಅವಳದು ಹಳೆಯ ಕಾಲದ ಗೌಡತಿಯ ಪಾತ್ರ. ನಾನು ಕಟಿಂಗ್ ಅಂಗಡಿಯವನು, ಬಣ್ಣ ಹಚ್ಚಲು ಕರೆದಿದ್ದರು. ತುರುಬು ಚೆನ್ನಾಗಿ ಬಂದಿತ್ತು, ಕುಂಕುಮ ಮಾತ್ರ ನಿಲ್ಲುತ್ತಿರಲಿಲ್ಲ.

"ಟಿಕಳಿ ಅಂಟಿಸಿಬಿಡತೇನಿ," ಎಂದೆ, ಸ್ಟಿಕರ್ ಬೊಟ್ಟಿನ ಹಾಳೆ ತೆಗೆಯುತ್ತ.

"ಗೌಡತಿಗೆ ಟಿಕಳಿ ಹಚ್ಚತಿಯೇನೋ? ಮೊದಲ ಮೇಣ ಹಚ್ಚು, ಅದರ ಮ್ಯಾಲೆ ಕುಂಕುಮ ಒತ್ತು," ಎಂದರು ಪಕ್ಕದಲ್ಲಿ ಕುಳಿತಿದ್ದ ಆಯಿ, ಹುಡುಗಿಯ ಅಜ್ಜಿ. ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುವ ಜೇನುಮೇಣ ಅವರ ಸಂಚಿಯಲ್ಲೇ ಇತ್ತು.

ನನಗೆ ಇದು ಹೊಸದು. ಹೇಗೆ ನಿಲ್ಲುತ್ತದೋ ನೋಡಬೇಕೆನಿಸಿತು. "ನೀವ ಹಚ್ಚಿ ತೋರಸ್ರಿ ಆಯಿ," ಎಂದೆ.

"ಗಂಡ ಸತ್ತಾಕಿ ನಾ. ಕುಂಕುಮ ಮುಟ್ಟಂಗಿಲ್ಲ."

ಹುಡುಗಿ ಹಣೆ ಮುಂದೆ ಚಾಚಿದಳು. "ನೀ ಹಚ್ಚಲಿಲ್ಲಂದ್ರ ನಾ ಹಾಡಾಕ ಹೋಗಂಗಿಲ್ಲ ನೋಡ ಆಯಿ."

ಹೊರಗೆ ಹಾರ್ಮೋನಿಯಂ ಪೇಟಿ ಬಾರಿಸಲು ಶುರು ಮಾಡಿದ್ದರು. ಆಯಿ ಸಂಚಿ ಬಿಚ್ಚಿ, ಬೆರಳಿಂದ ಮೇಣ ತೀಡಿ, ಮೇಲೆ ಕುಂಕುಮ ಒತ್ತಿದರು. ದುಂಡಗೆ ಕೂತಿತು. ಹಾಡು ಮುಗಿದರೂ ಕದಲಲಿಲ್ಲ.

ನಾಟಕ ಮುಗಿಯುವ ತನಕ ಆಯಿ ಬೆರಳಿನ ಕುಂಕುಮ ಒರೆಸಿಕೊಳ್ಳಲಿಲ್ಲ. ಯಾಕೆ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.