ತೊಳೆಯಬಾರದ ಡಬ್ಬಿ

ಒಲೆಯ ಮೇಲೆ ನೀರು ಕಾಯುತ್ತಿತ್ತು. ಅವಳು ಚಹಾ ಎಲೆಯ ಡಬ್ಬಿಯ ಮುಚ್ಚಳ ತೆಗೆದಳು. ಒಳಗಿನಿಂದ ನಿಂಬೆಯ ಪರಿಮಳ ಬೆರೆತ ಪಾತ್ರೆ ಸೋಪಿನ ವಾಸನೆ ಮುಖಕ್ಕೆ ಹೊಡೆಯಿತು.

ಆ ಮನೆಯಲ್ಲಿ ಚಹಾ ಡಬ್ಬಿಗೆ ನೀರು ಸೋಕಿಸುವಂತಿರಲಿಲ್ಲ. ಖಾಲಿಯಾದರೆ ಒಣಬಟ್ಟೆಯಿಂದ ಒರೆಸಬೇಕು, ಅಷ್ಟೆ. ಅದರ ಜಾಗ ಒಲೆಯಿಂದ ದೂರ, ಬಿಸಿಲು ಬೀಳದ ಕಪಾಟಿನ ಮೇಲಿನ ಖಾನೆ. ಬೆಳ್ಳುಳ್ಳಿ, ಮೆಣಸು, ಲವಂಗ ಯಾವುದೂ ಆ ಖಾನೆಯ ಹತ್ತಿರ ಸುಳಿಯುವಂತಿಲ್ಲ. "ಟೀ ಎಲೆ ಅಂದ್ರೆ ಚಾಡಿಕೋರ ಇದ್ದ ಹಾಗೆ. ಪಕ್ಕದಲ್ಲಿ ಏನಿದ್ರೂ ಹೀರ್ಕೊಂಡು ಬಂದು ಲೋಟದಲ್ಲಿ ಒದರುತ್ತೆ" ಎಂದು ಮದುವೆಯಾದ ಹೊಸತರಲ್ಲೇ ಗಂಡ ಹೇಳಿಕೊಟ್ಟಿದ್ದ.

ಚಹಾ ಗೋದಾಮಿನಲ್ಲಿ ರುಚಿ ನೋಡುವುದು ಅವನ ಕೆಲಸ. ಯಾವ ರಾಶಿ ಪೊಟ್ಟಣ ಸೇರಬೇಕು, ಯಾವುದು ಗುಂಡಿ ಸೇರಬೇಕು ಎಂಬುದು ಅವನ ಮೂಗಿನ ಮೇಲೆ ನಿಂತಿತ್ತು. ಗೋದಾಮಿನವರು ಅವನನ್ನು ಕರೆಯುತ್ತಿದ್ದುದೇ ಮೂಗಣ್ಣ ಎಂದು. ಆ ಮೂಗಿಗಾಗಿ ಅವಳು ಸೆಂಟು, ಪರಿಮಳದ ತಲೆಯೆಣ್ಣೆ ಎಲ್ಲ ಬಿಟ್ಟಿದ್ದಳು. "ನಾನು ಸಂಸಾರ ಮಾಡ್ತಿರೋದು ಗಂಡನ ಜೊತೆ ಅಲ್ಲ, ಒಂದು ಮೂಗಿನ ಜೊತೆ" ಎಂದು ಪಕ್ಕದ ಮನೆಯವರಲ್ಲಿ ನಗೆಯಾಡುತ್ತಿದ್ದಳು.

ಇದು ನಾದಿನಿಯ ಕೆಲಸ ಎಂಬುದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಜ್ವರದಿಂದ ಎದ್ದ ಅಣ್ಣನನ್ನು ನೋಡಿಹೋಗಲು ಬಂದವಳು, ಅತ್ತಿಗೆಗೆ ಸಹಾಯವಾಗಲೆಂದು ನಿನ್ನೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಉಜ್ಜಿ ತೊಳೆದಿದ್ದಳು. ಎಲೆ ಬಿಸಾಡಿ ಹೊಸ ಪೊಟ್ಟಣ ಒಡೆಯೋಣ ಎಂದುಕೊಳ್ಳುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದ.

"ಕೊಡಿಲ್ಲಿ, ಇವತ್ತು ನಾನೇ ಮಾಡ್ತೀನಿ."

ಡಬ್ಬಿ ಅವನ ಕೈ ಸೇರಿತು. ಎಂದಿನಂತೆ ಅದನ್ನು ಮೂಗಿನ ಹತ್ತಿರ ಹಿಡಿದ. ಅವಳು ಸೆರಗು ಮುದುಡಿ ಹಿಡಿದುಕೊಂಡು ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಒಣ ಚಮಚದಲ್ಲಿ ಎಲೆ ಅಳೆದು ಹಾಕಿದ. ನೀರಿನ ಕುದಿತ ತಣಿಯುವವರೆಗೆ ತಾಳಿ, ಮೆಲ್ಲಗೆ ಸುರಿದು ಮುಚ್ಚಿಟ್ಟ. ಎಲೆ ಅರಳಿದ ಮೇಲೆ ಸೋಸಿ, ಒಂದು ಗುಟುಕು ಕುಡಿದು ತಲೆಯಾಡಿಸಿದ.

"ರಸ ಚೆನ್ನಾಗಿ ಬಿಟ್ಟಿದೆ."

ಅವಳೂ ತುಟಿಗೆ ಹಚ್ಚಿದಳು. ಸೋಪಿನ ನೀರು. ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು. ಜ್ವರ ಬಿಟ್ಟ ಮೇಲಿನ ದಿನಗಳು ಒಂದೊಂದಾಗಿ ನೆನಪಾದವು. ಹಾಲು ತಳಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬಿದ ದಿನ ಅವನು ಪೇಪರಿನಿಂದ ತಲೆ ಎತ್ತಿರಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಬಳಿಸಿದಾಗಲೂ ಗೊಣಗಿರಲಿಲ್ಲ. ಅವನ ಸ್ವಭಾವ ಮೆತ್ತಗಾಗಿದೆ ಎಂದು ಅವಳು ಒಳಗೊಳಗೇ ಸಂತೋಷಪಟ್ಟಿದ್ದಳು.

ಅದೇ ದಿನ ಮಧ್ಯಾಹ್ನ ಗೋದಾಮಿನಲ್ಲಿ ಅವನು ಒಂದು ದೊಡ್ಡ ರಾಶಿಗೆ ಒಪ್ಪಿಗೆ ಕೊಡಬೇಕಿತ್ತು. ದಾರಿಯಲ್ಲಿ ಮಳೆಗೆ ಸಿಕ್ಕಿ ಬಂದ ಎಲೆ. ಒಣಗಿಸಿದ್ದರು, ನೋಡುವುದಕ್ಕೆ ಲಕ್ಷಣವಾಗಿತ್ತು. ಒಳಗೆ ಬೂಷ್ಟಿನ ವಾಸನೆ ಹಿಡಿದಿದೆಯೇ ಎಂಬುದೇ ಪ್ರಶ್ನೆ. ಅವನಿಗಿಂತ ಮುಂಚೆ ಆ ಮೇಜಿನಲ್ಲಿದ್ದವನು ಇಂಥದೇ ರಾಶಿಯನ್ನು ಪಾಸು ಮಾಡಿ ಕೆಲಸ ಕಳೆದುಕೊಂಡಿದ್ದ.

ಅಷ್ಟರಲ್ಲಿ ನಾದಿನಿ ಆಕಳಿಸುತ್ತ ಬಂದು ಲೋಟ ಎತ್ತಿಕೊಂಡಳು. ಒಂದು ಗುಟುಕಿಗೆ ಮುಖ ಕಿವುಚಿತು.

"ಥೂ! ಇದನ್ನ ಹೇಗಣ್ಣ ಕುಡೀತಿದ್ದೀಯ?"

ಅವನ ಕೈ ಅರೆಗಳಿಗೆ ನಿಂತಿತು. ಕಣ್ಣು ಒಮ್ಮೆ ಹೆಂಡತಿಯ ಕಡೆ ಹೋಗಿ ಬಂತು.

"ಬೆಳ್ಳುಳ್ಳಿ ಹಿಡಿದಿದೆ. ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಬೆಳಗಾಗೆದ್ದು ಯಾಕೆ ಬೈಯೋದು ಅಂತ ಸುಮ್ಮನಿದ್ದೆ."

"ಬೆಳ್ಳುಳ್ಳಿನಾ?" ನಾದಿನಿ ಲೋಟವನ್ನು ಮತ್ತೆ ಮೂಸಿದಳು. "ಅಣ್ಣಾ, ಇದು..."

"ಹೂಂ, ಬೆಳ್ಳುಳ್ಳಿನೇ," ಹೆಂಡತಿ ಲೋಟ ಕಿತ್ತುಕೊಂಡಳು. "ನೀನು ಮೊದ್ಲು ಸ್ನಾನ ಮುಗಿಸಮ್ಮ, ನೀರು ಆರುತ್ತೆ."

"ಒಳ್ಳೇ ಮನೆ! ಸಹಾಯ ಮಾಡಿದ್ರೂ ಓಡಿಸ್ತೀರಿ" ಎಂದು ನಾದಿನಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದಳು. ಬಚ್ಚಲಿನ ಚಿಲಕ ಬಿದ್ದ ಮೇಲೆ ಹೆಂಡತಿ ದನಿ ತಗ್ಗಿಸಿದಳು.

"ಬೆಳ್ಳುಳ್ಳಿ ಅಲ್ಲ ರೀ. ಸೋಪು."

ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಯಾವಾಗಿಂದ?" ಅವಳು ಕೇಳಿದಳು.

"ಜ್ವರ ಬಿಟ್ಟಾಗಿಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ದಿನಾ ಡಬ್ಬಿ ಮೂಸ್ತೀನಿ."

"ಮತ್ತೆ ಗೋದಾಮಲ್ಲಿ?"

"ಬಣ್ಣ ನೋಡ್ತೀನಿ. ನೆನೆದ ಎಲೆನ ಬೆರಳಲ್ಲಿ ಉಜ್ಜಿ ನೋಡ್ತೀನಿ. ಕಹಿ, ಒಗರು ನಾಲಿಗೆಗೆ ಗೊತ್ತಾಗುತ್ತೆ. ಇಲ್ಲಿವರೆಗೂ ತಪ್ಪಾಗಿಲ್ಲ."

"ಇವತ್ತಿಂದು ಬೂಷ್ಟು. ಅದು ಬೆರಳಿಗೆ ಸಿಗುತ್ತಾ?"

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಅವನು ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದ.

"ಈಗ ಅವಳ ಹತ್ರ ನನ್ನ ಮಾನ ಉಳಿಸಿದೆಯಲ್ಲ. ಹಾಗೇ ಇದ್ದುಬಿಡು. ಮೂಗಿಲ್ಲದ ಮೂಗಣ್ಣ ಅಂತ ನಗ್ತಾರೆ ಕಣೇ."

"ಇದು ಮನೆ ಟೀ, ಕೆಟ್ಟರೆ ಚರಂಡಿಗೆ ಸುರೀತೀನಿ. ಅಲ್ಲಿಂದು ಯಾರ್ಯಾರ ಮನೆ ಒಲೆ ಮೇಲೆ ಏರುತ್ತೋ! ನಗೋರು ಒಂದು ವಾರ ನಗ್ತಾರೆ. ಆ ರಾಶಿ ಹೊರಗೆ ಹೋದ್ರೆ ನಿಮಗೆ ಇನ್ಯಾವ ಗೋದಾಮೂ ಬಾಗಿಲು ತೆಗೆಯಲ್ಲ."

"ಚೆನ್ನಾಗೇ ಇದ್ರೆ?"

"ಚೆನ್ನಾಗಿದೆ ಅಂತ ನಿಮಗೆ ಹೇಳೋರು ಯಾರು?"

ಅವಳು ಕೋಣೆಯಿಂದ ಅವನ ಫೋನು ತಂದು ಲೋಟದ ಪಕ್ಕದಲ್ಲಿಟ್ಟಳು. ಬಚ್ಚಲಿನ ನೀರಿನ ಸದ್ದು ನಿಂತಿತು. ನಾದಿನಿ ಯಾವ ಗಳಿಗೆಯಲ್ಲಾದರೂ ಹೊರಗೆ ಬರಬಹುದಿತ್ತು. ಅವನು ಫೋನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳು ಬಾಗಿಲಿಗೆ ಕಿವಿಗೊಡಲಿಲ್ಲ. ಆದರೆ ಅಲ್ಲಿಂದ ಕದಲಲೂ ಇಲ್ಲ. ಆಮೇಲೆ, "ಸರ್, ಇವತ್ತಿನ ರಾಶಿ ನಾನು ನೋಡೋಕಾಗಲ್ಲ" ಎಂದದ್ದು ಕೇಳಿಸಿತು.

ರಾಶಿಯ ರುಚಿ ನೋಡಲು ಗೋದಾಮಿನವರು ಹೊರಗಿನಿಂದ ಒಬ್ಬರನ್ನು ಕರೆಸಿಕೊಂಡರು. ಮೂಗಣ್ಣ ಈಗ ಎಲೆ ಜರಡಿ ಹಿಡಿಯುವ ವಿಭಾಗದಲ್ಲಿದ್ದಾನೆ. ವಾಸನೆ ಮರಳಬಹುದು, ಮರಳದಿರಲೂಬಹುದು ಎಂದಿರುವ ವೈದ್ಯರು ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದಾರೆ.