ಹೋಳಿಗೆ ಊಟ ಮತ್ತು ನನ್ನ ಕಾಲ್ಗುಣ

ನನ್ನ ಮೊಮ್ಮಗಳು ಡಾಕ್ಟರಾಗಿದ್ದಾಳೆ. ಸೂಜಿ ಚುಚ್ಚುವ ಡಾಕ್ಟರಲ್ಲ. ಉಣ್ಣುವ ಪದಾರ್ಥದಲ್ಲಿ ಸೇರಿಕೊಂಡು ಹೊಟ್ಟೆ ಕೆಡಿಸುವ, ಕಣ್ಣಿಗೆ ಕಾಣದ ಜೀವಿಗಳನ್ನು ಹುಡುಕುವ ಡಾಕ್ಟರು. ಸುದ್ದಿ ಬಂದಾಗಿನಿಂದ ನನ್ನ ಬಾಯಿ ನಿಂತಿಲ್ಲ. ಹಾಲು ಹಾಕುವವಳಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಂತವರಿಗೆ ಹೇಳಿದ್ದೇನೆ, ಅವರು ಇಳಿದು ಹೋದ ಮೇಲೆ ಅದೇ ಸೀಟಿಗೆ ಬಂದವರಿಗೂ ಹೇಳಿದ್ದೇನೆ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟ ನನಗೆ ಅವಳ ಕೆಲಸ ತಿಳಿದದ್ದು ಇಷ್ಟು: ಗಾಜಿನ ತಟ್ಟೆಯಲ್ಲಿ ಆ ಜೀವಿಗಳಿಗೆ ಉಣ್ಣಲು ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟು, ಎಷ್ಟು ಸಂತಾನವಾಯಿತೆಂದು ಮರುದಿನ ನೋಡುತ್ತಾಳೆ. ನನ್ನ ಅತ್ತೆಯವರು ನನ್ನನ್ನು ಅದರ ಅರ್ಧದಷ್ಟೂ ಬೆಚ್ಚಗೆ ಇಟ್ಟುಕೊಂಡವರಲ್ಲ.

ಇಟ್ಟುಕೊಳ್ಳದಿರುವುದಕ್ಕೆ ಕಾರಣ ನನ್ನ ಕಾಲ್ಗುಣ. ಅದರ ಕಥೆ ಹೇಳಲೇಬೇಕು.

ನನ್ನ ತವರು ಸವಣೂರು. ಅಪ್ಪನದು ಎಲೆಬಳ್ಳಿಯ ತೋಟ. ಇನ್ನೂ ಬ್ರಿಟಿಷರಿದ್ದ ಕಾಲದಲ್ಲಿ ನನ್ನನ್ನು ತಿಳವಳ್ಳಿಯ ದೊಡ್ಡ ಮನೆಯೊಂದಕ್ಕೆ ಕೊಟ್ಟರು. ಆ ಮನೆಯ ಯಜಮಾನರು ನನ್ನ ಮಾವನವರ ಅಣ್ಣ. ನಾವೆಲ್ಲ ದೊಡ್ಡ ಮಾವನವರು ಎನ್ನುತ್ತಿದ್ದೆವು. ಅವರ ಕೈಗುಣ ಹಾನಗಲ್ಲಿನವರೆಗೂ ಹೆಸರಾಗಿತ್ತು. ಆ ಹೆಸರು ಹಬ್ಬಿಸಿದವರೂ ಅವರೇ. ಮನೆಯಲ್ಲಿ ಹೋಳಿಗೆ ಊಟವಿದ್ದರೆ ಹೂರಣಕ್ಕೆ ಮೊದಲ ಕೈ ಅವರದೇ ಆಗಬೇಕು.

ನಾನು ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದ ಸಂಜೆ, ಮರುದಿನದ ಊಟಕ್ಕೆ ಹೆಂಗಸರು ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿಟ್ಟಿದ್ದರು. ದೊಡ್ಡ ಮಾವನವರು ಬಂದರು. ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಗಿ ಅರಿಷಿಣದ ಬಟ್ಟೆ ಸುತ್ತಿತ್ತು. ಬಟ್ಟೆ ಮೈಲಿಗೆಯೆಂದು ಅದನ್ನು ಬಿಚ್ಚಿ ಬದಿಗಿಟ್ಟು, ಮೊಣಕೈವರೆಗೆ ತೋಳು ಏರಿಸಿ ಇಡೀ ಹೂರಣವನ್ನು ನಾದಿದರು. ಬೆಳಗಿನವರೆಗೆ ಅದು ಒಲೆಯ ಬದಿಯಲ್ಲಿ ಮುಚ್ಚಿಕೊಂಡು ಕುಳಿತಿತ್ತು.

ಮರುದಿನ ಮಧ್ಯಾಹ್ನ ಊರ ಗಂಡಸರೆಲ್ಲ ಪಂಕ್ತಿಗೆ ಕುಂತರು. ದೊಡ್ಡ ಮಾವನವರು ತಾವು ಉಣ್ಣದೆ ತುಪ್ಪದ ಗಿಂಡಿ ಹಿಡಿದು, "ಉಣ್ರಿ, ಕೈಗುಣ ನೋಡ್ರಿ!" ಎಂದು ಒತ್ತಾಯ ಮಾಡುತ್ತ ಓಡಾಡಿದರು. ಹೆಂಗಸರ ಪಾಲಿಗೆ ಅರ್ಧರ್ಧ ಹೋಳಿಗೆ ಬಂತು. ಹೊಸ ಸೊಸೆಯ ಎಲೆಗೆ ಬರುವಷ್ಟರಲ್ಲಿ ಮುಗಿದೇ ಹೋಯಿತು. ನನ್ನ ತವರಿಗೆ ಕಳಿಸಲು ಒಂದು ಬುಟ್ಟಿ ತೆಗೆದಿಟ್ಟಿದ್ದರು, ಅದನ್ನು ಮುಟ್ಟುವಂತಿರಲಿಲ್ಲ.

ಬಿಸಿಲು ಇಳಿಯುವ ಮೊದಲೇ ಊರಿಗೆ ಊರೇ ಕಕ್ಕತೊಡಗಿತು. ಕಟ್ಟೆಯ ಮೇಲೆ ಮೀಸೆ ತಿರುವುತ್ತಿದ್ದವರೆಲ್ಲ ನೀರಿನ ಚರಗಿ ಹಿಡಿದು ಹೊಲದ ದಾರಿಯಲ್ಲಿ ಓಡುತ್ತಿದ್ದರು.

ಮರುದಿನ ಬೆಳಿಗ್ಗೆ, ಬಿಳಿಚಿಕೊಂಡ ಹಿರಿಯರು ಪಡಸಾಲೆಯಲ್ಲಿ ಸೇರಿದರು. ದೊಡ್ಡ ಮಾವನವರೇ ವಕೀಲರು, ಅವರೇ ಜಡ್ಜರು.

"ನಮ್ಮ ಮನ್ಯಾಗ ಉಂಡವ್ರು ತೇಗ್ಯಾರ ಹೊರತು ಕಕ್ಕಿಲ್ಲ. ಈಗ ಮನಿಗೆ ಹೊಸಾದು ಏನ್ ಬಂದೈತಿ? ಈ ಹುಡಿಗಿ ಒಬ್ಬಾಕಿ."

"ಹೌದ್ರಿ, ಎಲ್ಲಾರೂ ಬಿದ್ದಾರ, ಆಕಿ ನೋಡ್ರಿ, ಗುಂಡಕಲ್ಲಿನಂಗ ಕುಂತಾಳ!" ಎಂದರು ಅತ್ತೆಯವರು, ಹೊಟ್ಟೆ ಹಿಡಿದುಕೊಂಡೇ. ಹೋಳಿಗೆ ಸಿಗದ ಕಾರಣಕ್ಕೆ ನಾನು ಗಟ್ಟಿಯಾಗಿದ್ದೆ, ಗಟ್ಟಿಯಾಗಿದ್ದದ್ದೇ ಸಾಕ್ಷಿಯಾಯಿತು.

ನನ್ನನ್ನು ಸವಣೂರಿಗೆ ಬಿಟ್ಟುಬರುವುದೆಂದು ತೀರ್ಮಾನವಾಯಿತು. ಚಕ್ಕಡಿ ಹೂಡಿದರು, ನನ್ನ ಟ್ರಂಕು ಏರಿಸಿದರು. ಹಾಗೆ ಹೋದ ಹುಡುಗಿಯನ್ನು ಮತ್ತೆ ಯಾರೂ ಕರೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ಹಾನಗಲ್ಲಿನಿಂದ ಡಾಕ್ಟರು ಬಂದರು. "ಊಟದಾಗ ಏನೋ ಕೆಟ್ಟಿರಬೇಕ್ರಿ. ಉಳಿದ ಹೋಳಿಗಿ ಸ್ವಲ್ಪ ಕೊಡ್ರಿ, ತಪಾಸ ಮಾಡಾಕ ಕಳಸ್ತೇನಿ."

"ನನ್ನ ಕೈಯಾಗಿನ ಹೂರಣಕ್ಕ ತಪಾಸ?" ದೊಡ್ಡ ಮಾವನವರ ಮೀಸೆ ನಡುಗಿತು. "ತರ್ರಿ ಆ ಬುಟ್ಟಿ! ಬಿಸಿ ಮಾಡಿ ತುಪ್ಪ ಹಾಕ್ರಿ. ನಾನ ತಪಾಸ ಮಾಡ್ತೇನಿ!"

ಎಲ್ಲರ ಮುಂದೆ ಕುಂತು ಒಂದರ ಮೇಲೊಂದು ತಿಂದರು. ಬುಟ್ಟಿ ಬರಿದಾಯಿತು. ಡಾಕ್ಟರಿಗೆ ಕಳಿಸಲು ಒಂದು ಚೂರೂ ಉಳಿಯಲಿಲ್ಲ.

"ನೋಡ್ರಿ! ಏನಾತು ನನಗ?"

"ಈಗ ಏನೂ ಆಗಿಲ್ರಿ," ಎಂದ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ.

ದೊಡ್ಡ ಮಾವನವರು ಮನೆತನದ ಹಿರಿಮೆಯ ಬಗ್ಗೆ ಮಾತು ಶುರು ಮಾಡಿದರು. ಅಜ್ಜನಿಂದ ಮುತ್ತಜ್ಜನವರೆಗೆ ಹೋದರು. ಮುತ್ತಜ್ಜನ ಹತ್ತಿರ ಮಾತು ನಿಂತಿತು. ಹಣೆಯ ಮೇಲೆ ಬೆವರೊಡೆಯಿತು.

"ಚರಗಿ... ಏ, ಚರಗಿ ತರ್ರಲೇ!"

ತರುವಷ್ಟು ಪುರಸತ್ತು ಸಿಗಲಿಲ್ಲ. ನನಗೆಂದು ಹೂಡಿದ್ದ ಚಕ್ಕಡಿಯಲ್ಲಿ ಅವರನ್ನೇ ಮಲಗಿಸಿಕೊಂಡು ಹಾನಗಲ್ಲಿಗೆ ಹೊಡೆದರು. ಗಡಿಬಿಡಿಯಲ್ಲಿ ನನ್ನ ಟ್ರಂಕು ಇಳಿಸಲು ಯಾರಿಗೂ ನೆನಪಾಗಲಿಲ್ಲ; ಅದೂ ಅವರ ಜೊತೆ ದವಾಖಾನೆ ನೋಡಿಕೊಂಡು ಬಂತು.

ಅವರು ಚೇತರಿಸಿಕೊಂಡು ಬಂದ ಮೇಲೆ ಹೊಸ ತೀರ್ಪು ಹೊರಬಿತ್ತು: ಡಾಕ್ಟರನ ನಾಲಿಗೆ ಕೆಟ್ಟದ್ದು, 'ಈಗ ಏನೂ ಆಗಿಲ್ಲ' ಎಂದ ಆ ಮಾತೇ ತಾಗಿತು. ಹೂರಣ ಆಗಲೂ ನಿರಪರಾಧಿ! ನಾನು ಮನೆಯಲ್ಲಿ ಉಳಿದೆ. ಆದರೆ 'ಪಂಕ್ತಿ ಎಬ್ಬಿಸಿದ ಸೊಸೆ' ಎಂಬ ಹೆಸರೂ ನನ್ನ ಜೊತೆಗೇ ಉಳಿಯಿತು. ಯಾರ ಮನೆಯ ಮದುವೆಗೆ ಹೋದರೂ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಯವಾಗಿ ಬೇರೆ ಕಡೆ ತಿರುಗಿಸುತ್ತಿದ್ದರು.

ಇನ್ನೂ ಓದುತ್ತಿದ್ದಾಗ ಒಮ್ಮೆ ಇದನ್ನೆಲ್ಲ ಕೇಳಿದ ಮೊಮ್ಮಗಳು ಒಂದೇ ಮಾತು ಕೇಳಿದಳು: "ಆಯಿ, ಹೂರಣ ನಾದಿದವ್ರ ಕೈಗೆ ಗಾಯ ಗೀಯ ಇತ್ತೇನ?"

"ಗಾಯ ಎಲ್ಲಿದು, ಉಗುರುಸುತ್ತು ಆಗಿತ್ತು. ಕೀವು ತುಂಬಿತ್ತು."

ಅವಳು ನಕ್ಕ ನಗು ಇಡೀ ಓಣಿಗೆ ಕೇಳಿಸಿತು. "ನಾ ದಿನಾ ಗಾಜಿನ ತಟ್ಟ್ಯಾಗ ಬೆಳಸೂದು ಆ ಜೀವಿನ್ನ, ಆಯಿ! ಕೀವಿನ್ಯಾಗ ಇರ್ತೈತಿ. ಬೆಚ್ಚಗ ಇಟ್ರ ಬೆಳಗಾಗೂದ್ರೊಳಗ ಹೂರಣದ ತುಂಬ ವಿಷ ಬಿಡತೈತಿ."

"ಹಂಚಿನ ಮ್ಯಾಲ ಸುಟ್ಟಿದ್ರಲ್ಲವಾ?"

"ಸುಟ್ರ ಅದು ಸಾಯ್ತೈತಿ, ಅದು ಬಿಟ್ಟ ವಿಷ ಸಾಯೂದಿಲ್ಲ. ಆವತ್ತ ಯಾರೂ ಪರೀಕ್ಷಾ ಮಾಡಿಲ್ಲ, ಖಂಡಿತ ಅನ್ನಾಕ ಬರೂದಿಲ್ಲ. ಆದ್ರ ಬಹಳ ಮಾಡಿ ಆ ಬೆರಳಿಂದನ ಆಗಿರಬೇಕ."

ಬಹಳ ಓದಿದವಳು, ಸ್ವಲ್ಪ ಸಂಶಯ ಉಳಿಸಿಕೊಂಡಳು. ಎರಡನೆಯ ಇಯತ್ತೆಯ ನನಗೆ ಯಾವ ಸಂಶಯವೂ ಇಲ್ಲ. ಪಡಸಾಲೆಗೆ ಹೋಗಿ ದೊಡ್ಡ ಮಾವನವರ ಫೋಟೋದ ಧೂಳು ಒರೆಸಿ, ಮನಸ್ಸು ತುಂಬುವಷ್ಟು ಹೊತ್ತು ಅದರ ಮುಂದೆ ನಿಂತುಬಂದೆ.

ಮೊನ್ನೆ ಅವಳು ಡಾಕ್ಟರಾಗಿ ಮನೆಗೆ ಬಂದ ದಿನ ಹೋಳಿಗೆ ಮಾಡಲು ಕುಂತೆ. ಚೀಲ ಇಳಿಸುವ ಮೊದಲೇ ಅಡುಗೆಮನೆಗೆ ಬಂದು, "ಕೈ ತೋರಸ ಆಯಿ," ಎಂದಳು. ಎರಡೂ ಕೈ ಚಾಚಿದೆ. ಬೆರಳು ಬೆರಳು ತಿರುಗಿಸಿ ನೋಡಿ, ಸರಿ ಎಂದಳು.

ನಾನು ಸೀರೆಯ ನಿರಿಗೆ ಸರಿಸಿ ಎರಡೂ ಕಾಲು ಮುಂದೆ ನೀಡಿ, "ಇವನ್ನೂ ನೋಡಿಬಿಡವಾ ಡಾಕ್ಟರ!" ಎಂದೆ.