ಇನ್ನೊಂದು ರಾತ್ರಿಯ ಬೆಳಕು

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಹುಳುಕು ಕಾಳು ಆರಿಸಿ ಎಸೆಯುವುದು ನನಗೆ ಹುಟ್ಟಿನಿಂದಲೇ ಅಂಟಿದ ಚಟ. ಬಸಿದಿಟ್ಟ ಅನ್ನದಲ್ಲೂ ಕಲ್ಲು ಹುಡುಕುತ್ತಾನೆ ಎಂದು ಅವ್ವ ಬೈಯುತ್ತಿದ್ದಳು. ಈ ಗುಣದಿಂದ ನನ್ನ ಗೆಳೆಯನಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಬರೆದರೆ ಎದೆ ಹಗುರಾಗುತ್ತದೆ ಎನ್ನುವ ಭ್ರಮೆಯೇನೂ ಇಲ್ಲ.

ಅವನು ಶಾಲೆಯಲ್ಲಿ ನನ್ನ ಬೆಂಚಿನವನು, ಆಮೇಲೆ ಲಾರಿಗಳ ಡೀಸೆಲ್ ಪಂಪ್ ರಿಪೇರಿಯಲ್ಲಿ ಎತ್ತಿದ ಕೈ. ದೂರದ ಗ್ಯಾಲಕ್ಸಿಯ ಫೋಟೊ ತೆಗೆಯುವ ಹುಚ್ಚು ನನಗೆ ಹತ್ತಿತ್ತು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ, ದೂರದರ್ಶಕವೂ ಅಷ್ಟೇ ನಿಧಾನವಾಗಿ ಅವುಗಳ ಹಿಂದೆ ತಿರುಗಬೇಕು. ಹಾಗೆ ತಿರುಗಿಸುವ ಗೇರು ಹಾಳಾದಾಗ ಅವನೇ ತನ್ನ ರಿಪೇರಿ ಶೆಡ್ಡಿನ ಲೇತ್ ಯಂತ್ರದಲ್ಲಿ ಲೋಹ ಕಡೆದು ಹೊಸದು ಮಾಡಿಕೊಟ್ಟ. ಒಂದೊಂದು ಹಲ್ಲನ್ನೂ ಹೆಬ್ಬೆರಳಿನಿಂದ ಸವರಿ ಸವರಿ ನೋಡಿದ.

"ಎಷ್ಟು ದೂರ ಐತಲೇ ನಿನ್ನ ಗ್ಯಾಲಕ್ಸಿ?" ಎಂದು ಕೇಳಿದ.

"ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೆ ಎರಡು ಕೋಟಿ ವರ್ಷಕ್ಕೂ ಜಾಸ್ತಿ ಬೇಕು."

ನಕ್ಕುಬಿಟ್ಟ. "ನಂಗೆ ಅಷ್ಟು ಪುರಸೊತ್ತಿಲ್ಲಪ್ಪ. ಶುಗರ್ ಕಣ್ಣಿಗೆ ಇಳಿದೈತೆ. ಎಷ್ಟು ದಿನ ಕಾಣ್ತೈತೋ ಹೇಳಕಾಗಲ್ಲ ಅಂದ್ರು ಡಾಕ್ಟ್ರು. ಅಷ್ಟರೊಳಗೆ ಒಂದ್ಸಲ ತೋರಿಸ್ಬಿಡು."

ಅವನು ನನ್ನಿಂದ ಕೇಳಿದ ಕೂಲಿ ಅದೊಂದೇ.

ಊರಾಚೆ ಉಳ್ಳಾರ್ತಿ ಕಾವಲಿನ ಬಯಲಲ್ಲಿ ಈಗ ಹೊಸ ಕಟ್ಟಡಗಳೆದ್ದು ರಾತ್ರಿಯೆಲ್ಲ ದೀಪ, ಮಸುಕು ನಕ್ಷತ್ರಗಳು ಕಾಣುವುದಿಲ್ಲ. ಹಾಗಾಗಿ ತಳಕು ಊರನ್ನು ದಾಟಿ, ಮೊಳಕಾಲ್ಮೂರಿನ ದಾರಿಯಲ್ಲಿ ಪರಿಚಯದವರ ಹೊಲದಲ್ಲಿ ದೂರದರ್ಶಕ ಹೂಡಿದೆ. ಸಪ್ತರ್ಷಿ ಮಂಡಲದ ಬಾಲದ ಪಕ್ಕದಲ್ಲಿತ್ತು ನನ್ನ ಗ್ಯಾಲಕ್ಸಿ. ಒಂದು ಚಿತ್ರದಲ್ಲಿ ಅದು ಬರೀ ಮಬ್ಬು. ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಆಕಾರ ಮೂಡುತ್ತದೆ. ಮೊದಲ ರಾತ್ರಿಯ ಚಿತ್ರಗಳನ್ನು ಬೆಳಿಗ್ಗೆ ಕೂಡಿಸಿದಾಗ ಗ್ಯಾಲಕ್ಸಿಯ ಎರಡು ಸುರುಳಿ ತೋಳುಗಳು ಎದ್ದುಬಂದವು. ನನ್ನ ಕಣ್ಣಲ್ಲಿ ನೀರಾಡಿತು. ಆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು. ಇನ್ನಷ್ಟು ಚಿತ್ರ ಕೂಡಿಸಿದರೆ ಅದು ಅಳಿಯುತ್ತದೆ.

ಅಷ್ಟರಲ್ಲಿ ಅವನ ಫೋನು. "ಬಂತೇನಲೇ?"

"ಇನ್ನೂ ಇಲ್ಲ ಕಣೋ. ಇನ್ನೊಂದು ರಾತ್ರಿ ಬೇಕು" ಎಂದೆ. ಇಂಥ ಹುಳುಕು ಚಿತ್ರವನ್ನು ಅವನಿಗೆ ತೋರಿಸುವುದೇ ಎಂದು ನಾಚಿಕೆಯಾಗಿತ್ತು.

ಆಮೇಲೆ ಬೆಳದಿಂಗಳು ಅಡ್ಡ ಬಂತು, ಅದಾದ ಮೇಲೆ ಮೋಡ, ಆಮೇಲೆ ಧೂಳು. ಗಾಳಿಗೆ ಒಂದಿಷ್ಟು ಅಲುಗಿದ ಚಿತ್ರವನ್ನೂ ಅಳಿಸಿಹಾಕಿದೆ. ಅವನು ವಾರಕ್ಕೊಮ್ಮೆ ಕೇಳುತ್ತಿದ್ದ, ನಾನು ಅದೇ ರಾಗ ಹಾಡುತ್ತಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಫೋನು ಬರುವುದು ನಿಂತಿತು. ಕೆಲಸದ ಒತ್ತಡವಿರಬೇಕು ಎಂದುಕೊಂಡೆ. ಒಮ್ಮೆ ಹೋಗಿ ನೋಡಿಬರಲಿಲ್ಲ. ನನ್ನಂಥ ಕಟುಕ ಇನ್ನೊಬ್ಬನಿರಲಾರ.

ಕೊನೆಗೂ ಕಲೆಯಿಲ್ಲದ ಚಿತ್ರ ಸಿದ್ಧವಾಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿಕೊಂಡು ಅವನ ಶೆಡ್ಡಿಗೆ ಹೋದೆ. ಹೊರಗೆ ಸ್ಟೂಲಿನ ಮೇಲೆ ಕಪ್ಪು ಕನ್ನಡಕ ಹಾಕಿ ಕೂತಿದ್ದ. ನಾನು ಎದುರಿಗೆ ನಿಂತರೂ ತಲೆಯೆತ್ತಲಿಲ್ಲ. ಮಾತಾಡಿದ ಮೇಲೆ ಗುರುತು ಹಿಡಿದ. ಕಣ್ಣೊಳಗೆ ರಕ್ತ ಇಳಿದು ತಿಂಗಳಾಗಿತ್ತಂತೆ, ಆಪರೇಷನ್ನೂ ಫಲ ಕೊಡಲಿಲ್ಲವಂತೆ.

ಚಿತ್ರವನ್ನು ಅವನ ತೊಡೆಯ ಮೇಲೆ ಬಿಡಿಸಿಟ್ಟೆ. ಗೇರಿನ ಹಲ್ಲು ಸವರಿದ ಹಾಗೆಯೇ ಹೆಬ್ಬೆರಳಿನಿಂದ ಕಾಗದವನ್ನು ಸವರಿದ. ಅವನ ಬೆರಳು ಹಿಡಿದು ನಡುವಿನಿಂದ ಹೊರಕ್ಕೆ ಒಂದು ತೋಳು ಬರೆಸಿದೆ, ಆಮೇಲೆ ಇನ್ನೊಂದು.

"ಚೆನ್ನಾಗಿ ಬಂದೈತಾ?"

"ಬಂದೈತೆ ಕಣೋ."

"ಮೊದಲ್ನೇ ರಾತ್ರೀಲಿ ಏನೂ ಕಾಣಿಸಿರ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಬಾಯಿ ಬರಲಿಲ್ಲ. "ಕಾಣಿಸಿತ್ತು" ಎಂದೆ. "ಎರಡೂ ತೋಳು ಕಾಣಿಸಿದ್ವು. ಆದ್ರೆ ಮಸುಕಾಗಿತ್ತು."

ಅವನ ಬೆರಳು ಕಾಗದದ ಮೇಲೆ ತಿರುಗುತ್ತಲೇ ಇತ್ತು.

"ಆಗ ನನ್ನ ಕಣ್ಣೂ ಮಸುಕಾಗೇ ಇತ್ತಲ್ಲೋ" ಎಂದ. "ಅಷ್ಟೇ ಸಾಕಾಗ್ತಿತ್ತು."